ಚಾಟಿನೋ ನಿಘಂಟೂ ನಮ್ಮ ಮನೆ ಫ್ರಿಜ್ಜೂ

ಮನೆಯಲ್ಲಿ ನಿಘಂಟು ಬರೆಯುವವರು ಒಬ್ಬರಿದ್ದರೆ ಸಾಕು, ವಾರಕ್ಕೊಂದು ಪಜೀತಿ ಗ್ಯಾರಂಟಿ. ನಾನು ಶಾಲೆ ಮೆಟ್ಟಿಲು ಹತ್ತಿದವಳಲ್ಲ. ನನ್ನ ಸೊಸೆಯೋ, ಚಾಟಿನೋ ಅನ್ನೋ ಭಾಷೆಗೆ ನಿಘಂಟು, ವ್ಯಾಕರಣ ಎರಡನ್ನೂ ಬರೆಯೋಕೆ ಹೊರಟವಳು. ಮೆಕ್ಸಿಕೋ ದೇಶದ ಬೆಟ್ಟದ ಊರುಗಳಲ್ಲಿ ಆಡೋ ಭಾಷೆಯಂತೆ. ಒಂದೇ ಪದವನ್ನು ಸ್ವರ ಏರಿಸಿ ಹೇಳಿದರೆ ಒಂದು ಅರ್ಥ, ಇಳಿಸಿದರೆ ಇನ್ನೊಂದು.

ಆ ಭಾಷೆ ಆಡೋ ಅಜ್ಜಿಯೊಬ್ಬರು ಶಿಕಾಗೋ ಹತ್ತಿರದ ಅರೋರಾದಲ್ಲಿ ನಮ್ಮ ಪಕ್ಕದ ಬೀದಿಯಲ್ಲೇ ಮಗನ ಮನೆಯಲ್ಲಿದ್ದರು. ನನಗಿಂತ ಎರಡು ವರ್ಷ ದೊಡ್ಡವರು, ಅದಕ್ಕೇ ನಾನು ‘ಅಕ್ಕ’ ಅಂತಿದ್ದೆ. ಸೊಸೆ ಅವರ ಜೊತೆ ಸ್ಪ್ಯಾನಿಷ್ ಮಾತಾಡೋಳು. ನನಗೆ ಅದೂ ಬರದು, ಇದೂ ಬರದು. ಚಳಿ ಶುರುವಾಗೋ ಮುಂಚೆ ಅಕ್ಕ ಡೆಟ್ರಾಯಿಟ್‌ನಲ್ಲಿರೋ ಮಗಳ ಮನೆಗೆ ಹೋಗಿಬಿಡೋರಿದ್ದರು. ಅಷ್ಟರೊಳಗೆ ಇವಳ ಕೆಲಸ ಮುಗೀಬೇಕಿತ್ತು.

ಫ್ರಿಜ್ಜಿನೊಳಗಿನ ಕೀ

ರೆಕಾರ್ಡಿಂಗ್ ನಮ್ಮ ಅಡುಗೆಮನೆ ಟೇಬಲ್ ಮೇಲೆ. ಒಂದು ದಿನ ಮೊಸರು ತೆಗೆಯೋಣ ಅಂತ ಫ್ರಿಜ್ ಬಾಗಿಲು ತೆಗೀತೀನಿ, ಒಳಗೆ ಕಾರಿನ ಕೀ! ಲೈಟೂ ಇರಲಿಲ್ಲ, ಬಲ್ಬ್ ಹೋಗಿದೆ ಅಂದುಕೊಂಡೆ. ಪಾಪ, ಓದಿ ಓದಿ ಹುಡುಗಿ ತಲೆ ಕೆಟ್ಟಿದೆ ಅಂತ ಮರುಗಿ, ಕೀ ತಂದು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದೆ. ಅವಳು ಕೆಲಸ ಮುಗಿಸಿ, ಕೀ ತಗೊಂಡು ಅಕ್ಕನನ್ನು ಅವರ ಮನೆಗೆ ಬಿಟ್ಟು, ಹಾಗೇ ಟ್ರೈನ್ ಹಿಡಿದು ಶಿಕಾಗೋಗೆ ಹೋದಳು.

ಸಂಜೆ ಅಡುಗೆಮನೆ ತುಂಬ ಐಸ್‌ಕ್ರೀಮಿನ ಹೊಳೆ.

“ಅತ್ತೆ, ಕೀ ಯಾಕೆ ತೆಗೆದ್ರಿ?”

“ನೀನು ಅಲ್ಲಿ ಯಾಕಮ್ಮ ಇಟ್ಟೆ?”

ಫ್ರಿಜ್ಜಿನ ಗುಂಯ್‌ಗುಟ್ಟೋ ಸದ್ದು ರೆಕಾರ್ಡಿಂಗಲ್ಲಿ ಸೇರುತ್ತೆ ಅಂತ ಈ ಕೆಲಸ ಮಾಡೋರೆಲ್ಲ ಅದನ್ನು ಆಫ್ ಮಾಡ್ತಾರಂತೆ. ಆನ್ ಮಾಡೋದು ಮರೆತು ಹೊರಗೆ ಹೋಗಬಾರದು ಅಂತ ಕಾರಿನ ಕೀ ಅದರೊಳಗೇ ಇಡ್ತಾರಂತೆ. ಮಾರನೇ ದಿನ ಫ್ರಿಜ್ ಮೇಲೆ ಚೀಟಿ ಅಂಟಿಸಿ, ನನಗೆ ಓದಿಯೂ ಹೇಳಿದಳು: “ಒಳಗೆ ಕೀ ಇದ್ದರೆ ಅದು ಮರೆವಲ್ಲ, ವಿದ್ಯೆ.”

ಉದಾಹರಣೆಗೆ ಬೆಂಕಿ

ವ್ಯಾಕರಣಕ್ಕೆ ಉದಾಹರಣೆ ವಾಕ್ಯ ಬೇಕು. ಸೊಸೆ ಕೇಳಿದಳು: “‘ನನ್ನ ಗಂಡ ಸತ್ತ’ ಅನ್ನೋದನ್ನ ನಿಮ್ಮ ಭಾಷೇಲಿ ಹೇಗೆ ಹೇಳ್ತೀರಿ?”

ಅಕ್ಕ ತಟ್ಟನೆ ಶಿಲುಬೆ ಗುರುತು ಮಾಡಿಕೊಂಡು ಬಾಯಿ ಹೊಲಿದುಕೊಂಡರು. ವಿಷಯ ಏನು ಅಂತ ತಿಳಿದಾಗ ನಾನೂ ರೇಗಿದೆ. “ಮುತ್ತೈದೆ ಬಾಯಲ್ಲಿ ಅದನ್ನ ಹೇಳಿಸ್ತೀಯಲ್ಲ, ನಿನಗೆ ಒಳ್ಳೇ ಮಾತೇ ಸಿಗಲಿಲ್ವಾ?”

ಸರಿ, ವಾಕ್ಯ ಬದಲಾಯಿತು. “‘ನಿಮ್ಮ ತಮ್ಮನ ಮನೆಗೆ ಬೆಂಕಿ ಬಿದ್ದಿದೆ’ — ಇದನ್ನ ಹೇಳಿ.”

ಅಕ್ಕ ಧಡಕ್ಕನೆ ಎದ್ದು ಫೋನ್ ತಗೊಂಡು ಊರಿಗೆ ಕರೆ ಮಾಡಿದರು. ತಮ್ಮ ತೋಟದಲ್ಲಿದ್ದನಂತೆ. ಅಕ್ಕಪಕ್ಕದವರೆಲ್ಲ ಬಕೆಟ್ ಹಿಡಿದು ಓಡಿದರಂತೆ. ಹೋಗಿ ನೋಡಿದರೆ ಮನೆ ತಣ್ಣಗಿದೆ, ಅಂಗಳದಲ್ಲಿ ಕೋಳಿ ಮಲಗಿದೆ.

“ಅಯ್ಯೋ, ಅದು ಬರೀ ಉದಾಹರಣೆ!” ಅಂತ ಸೊಸೆ ಕೈ ಮುಗಿದಳು.

ಅಕ್ಕ ಏನೋ ಗಂಭೀರವಾಗಿ ಹೇಳಿದರು. ಏನಂತೆ ಅಂದೆ. “ಮುಂದಿನ ಉದಾಹರಣೆ ನಿಮ್ಮ ಮನೇದೇ ಇಟ್ಕೊಳ್ಳಿ ಅಂತಿದಾರೆ ಅತ್ತೆ.”

ಒಂದು ಗಂಟೆ ಹರಟೆ

ಪದಗಳು ಆದವು, ವಾಕ್ಯಗಳು ಆದವು. ಸೊಸೆಯ ಮೇಷ್ಟ್ರು ಒಂದು ಪಟ್ಟು ಹಿಡಿದರು: ಜನ ಸಹಜವಾಗಿ ಮಾತಾಡಿದ್ದು ಒಂದು ಗಂಟೆ ಬೇಕೇ ಬೇಕು, ಇಲ್ಲದಿದ್ದರೆ ಪುಸ್ತಕ ಒಪ್ಪಲ್ಲ.

ಅಕ್ಕ ಮೈಕ್ ಕಂಡರೆ ಸಾಕು, ಬೆನ್ನು ನೆಟ್ಟಗೆ ಮಾಡಿ ಧ್ವಜ ಹಾರಿಸಿದವರ ಹಾಗೆ ಭಾಷಣ ಮಾಡೋರು. ನಾಳೆ ಡೆಟ್ರಾಯಿಟ್‌ನಿಂದ ಮಗಳು ವ್ಯಾನ್ ತರ್ತಾಳೆ ಅನ್ನೋ ದಿನವೂ ಅದೇ ಭಾಷಣ. ಸೊಸೆ “ಮೂರು ವರ್ಷದ ಕೆಲಸ ಹೋಯ್ತು ಅತ್ತೆ” ಅಂತ ಕಣ್ಣೊರೆಸಿಕೊಂಡು ಗ್ಯಾರೇಜ್ ಕಡೆ ಹೋದಳು. ಬೇಜಾರಲ್ಲಿ ಮೈಕ್ ಆಫ್ ಮಾಡೋದನ್ನೇ ಮರೆತಳು.

ನಾನು ಹುರುಳಿಕಾಯಿ ಬಿಡಿಸ್ತಾ ಕೂತೆ. ಅಕ್ಕನೂ ಒಂದು ಹಿಡಿ ಎಳಕೊಂಡರು. ಸುಮ್ಮನೆ ಯಾಕೆ ಕೂರೋದು ಅಂತ ನಾನು ಕನ್ನಡದಲ್ಲಿ ಶುರುಮಾಡಿದೆ. ಅಕ್ಕ ಅವರ ಭಾಷೇಲಿ. ಸಿಂಕ್ ಕಡೆ ಗದ್ದ ತೋರಿಸೋದೇನು, ಕಣ್ಣು ಮೇಲಕ್ಕೆ ತಿರುಗಿಸೋದೇನು, ನಿಟ್ಟುಸಿರೇನು! ಅವರ ಸೊಸೆ ಮೇಲಿನ ದೂರು ಅಂತ ತಿಳಿಯೋಕೆ ನಿಘಂಟು ಬೇಕಾ? ಕಾಯಿ ಮುಗಿದರೂ ಮಾತು ಮುಗಿಯಲಿಲ್ಲ.

ಸೊಸೆ ಬಂದು ರೆಕಾರ್ಡರ್ ನೋಡಿ ಕುಣಿದಾಡಿಬಿಟ್ಟಳು. ಒಂದು ಗಂಟೆ ಹತ್ತು ನಿಮಿಷ! ಆಮೇಲೆ ಡೆಟ್ರಾಯಿಟ್‌ಗೆ ಫೋನ್ ಹಚ್ಚಿ, ಸಾಲು ಸಾಲಾಗಿ ಕೇಳಿಸಿ, ಅರ್ಥ ಬರೆದುಕೊಂಡಳು. “ಇದನ್ನ ಎಲ್ಲರೂ ಕೇಳ್ತಾರೆ, ಹಾಕಬಹುದಾ?” ಅಂತ ಒಪ್ಪಿಗೆ ಕೇಳಿದರೆ ಅಕ್ಕ, “ಧಾರಾಳವಾಗಿ ಹಾಕು. ನನ್ನ ಸೊಸೆ ವ್ಯಾಕರಣ ಓದೋಳಲ್ಲ” ಅಂದರಂತೆ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನನ್ನ ಸೊಸೆ ಮಾತ್ರ ನಗಲಿಲ್ಲ. ಹಾಳೆ ಹಿಡಿದು ಎದುರಿಗೆ ಕೂತಳು.

“ಅತ್ತೆ, ಮಧ್ಯಮಧ್ಯ ನೀವೂ ಇದೀರ. ಅದಕ್ಕೂ ಇಂಗ್ಲಿಷ್ ಅರ್ಥ ಹಾಕಬೇಕು. ಬರೆದುಕೊಂಡಿದ್ದನ್ನ ಓದ್ತೀನಿ, ತಪ್ಪಿದ್ರೆ ಹೇಳಿ.”

ಅವಳು ಓದಿದಳು: “‘ನನ್ನ ಸೊಸೆ ಊರೂರ ಭಾಷೆಗೆ ಜೀವ ಕೊಡ್ತಾಳಂತೆ, ಕೈಗೆ ಸಿಕ್ಕ ಬದನೆಕಾಯಿ ಜೀವ ತೆಗೀತಾಳೆ.’ ಸರಿ ಇದೆಯಾ?”

ಸುಳ್ಳು ಹೇಳೋಣ ಅಂದರೆ ನನ್ನದೇ ದನಿ ಮೆಷಿನ್ನಿನಲ್ಲಿದೆ. “ಸರಿ ಇದೆ ಕಣಮ್ಮ. ಬೆಂಡೆಕಾಯಿ ವಿಷಯಾನೂ ಹೇಳಿದ ನೆನಪು, ಅದನ್ನ ಬಿಟ್ಟಿದೀಯ,” ಅಂದೆ.

“ಅದು ಮುಂದಿನ ನಾಲ್ಕು ಪುಟ ಅತ್ತೆ,” ಅಂದಳು.