ಬಲಕ್ಕೆ ತಿರುಗದ ಕತ್ತು

"ಒಂದೇ ಒಂದು ಸಲ 'ಅಮ್ಮಾ' ಅಂದ್ರೂ ನಾನು ಡ್ರೈವರೇ ಅಲ್ಲ!" ಎಂದು ಮಸಾಜಿಗೆ ಹೊರಟ ಬಸ್ಸಿನ ಡ್ರೈವರ್ ಸಾಹೇಬರು ಚಪ್ಪಲಿ ಮೆಟ್ಟುತ್ತಲೇ ಘೋಷಿಸಿದರು. ಘೋಷಣೆ ಹೆಂಡತಿಗೆ, ನೋಟ ಮಾತ್ರ ಎಡಗಡೆಯ ಗೋಡೆಗೆ! ಪಾಪ, ವಾರದಿಂದ ಅವರ ಕತ್ತು ಬಲಕ್ಕೆ ತಿರುಗುತ್ತಿರಲಿಲ್ಲ. ಬಲಗಡೆಯ ಕನ್ನಡಿ ನೋಡಲಾಗದವರ ಕೈಗೆ ಬಸ್ಸು ಕೊಡುವುದಾದರೂ ಹೇಗೆ? "ನಾಳೆ ಕತ್ತು ತಿರುಗಿಸಿ ತೋರ್ಸಿ, ಇಲ್ಲಾಂದ್ರೆ ಟಿಕೆಟ್ ಕೌಂಟರಲ್ಲಿ ಕೂತ್ಕೊಳ್ಳಿ" ಎಂದುಬಿಟ್ಟಿದ್ದರು ಡಿಪೋ ಮ್ಯಾನೇಜರ್. ಸ್ಟೇರಿಂಗ್ ಇಲ್ಲದ ಬದುಕು ಸಾಹೇಬರ ಪಾಲಿಗೆ ಬದುಕೇ ಅಲ್ಲ.

ಡಾಕ್ಟರು ನೋಡಿ, "ಮೂಳೆಗೇನೂ ಆಗಿಲ್ಲ, ಸ್ನಾಯು ಬಿಗಿದಿದೆ. ಡೀಪ್ ಟಿಶ್ಯೂ ಮಸಾಜ್ ಮಾಡಿಸ್ಕೊಳ್ಳಿ" ಎಂದಿದ್ದರು.

ಮಸಾಜ್ ಕ್ಲಿನಿಕ್ಕಿನ ಬೆಂಚಿನ ತುಂಬ ಸೊಂಟ, ಮಂಡಿ, ಭುಜ ಹಿಡಿದುಕೊಂಡವರು. ಸಾಹೇಬರು ಅವರಿಗೂ ಧೈರ್ಯ ತುಂಬಿದರು: "ಹೆದರ್ಬೇಡಿ! ಮಸಾಜ್ ಅಂದ್ರೆ ಸುಖವಾದ ನಿದ್ದೆ!"

"ಮೊದಲು ಒಳಗೆ ಹೋಗಿ ಬನ್ನಿ, ಭಾಷಣ ಆಮೇಲೆ" ಎಂದಳು ಹೆಂಡತಿ.

ಒಳಗಿದ್ದ ಥೆರಪಿಸ್ಟ್ ಸಣಕಲು ಹೆಂಗಸು. "ಇದು ಮೇಲೆ ಎಣ್ಣೆ ಸವರಿ ಕಳಿಸೋ ಕೆಲಸ ಅಲ್ಲ. ಒಳಗಿನ ಗಂಟು ಹುಡುಕಿ, ನಿಧಾನವಾಗಿ ಒತ್ತಿ ಸಡಿಲ ಮಾಡ್ತೀನಿ. ತಡೆಯೋಕಾಗದಿದ್ರೆ ಹೇಳಿ" ಎಂದಳು.

"ನಂಗಾ? ಅರ್ಧ ಆಯಸ್ಸು ಬಸ್ಸು ಓಡಿಸಿದ ದೇಹ ಇದು! ಒತ್ತಮ್ಮ ತಂಗಿ, ಒತ್ತು!"

ತಂಗಿ ಮೊಣಕೈ ಊರಿದಳು. ಸಾಹೇಬರು 'ಅಮ್ಮಾ' ಎನ್ನಲಿಲ್ಲ, ಮಾತು ಉಳಿಸಿಕೊಂಡರು. "ಅಯ್ಯಯ್ಯೋ ಅಪ್ಪಾ!" ಎಂದರು. ಆಮೇಲೆ ಅಜ್ಜ, ಅಜ್ಜಿ, ಸೋದರತ್ತೆ, ಹೀಗೆ ಬದುಕಿದ್ದವರು ಸತ್ತವರು ಎನ್ನದೆ ವಂಶಕ್ಕೆ ವಂಶವನ್ನೇ ಸಹಾಯಕ್ಕೆ ಕರೆದರು. ಅವರ ಬಸ್ಸಿನ ಹಾರ್ನ್ ಕೂಡ ಯಾವತ್ತೂ ಅಷ್ಟು ಜೋರಾಗಿ ಕೂಗಿರಲಿಲ್ಲ.

"ಕಮ್ಮಿ ಮಾಡ್ಲಾ ಸಾರ್?"

"ಬೇಡ! ನಾಳೆ ನಂಗೆ ಬಸ್ಸು ಬೇಕು! ಒತ್ತಿ! ಅಯ್ಯೋ, ಕೊಂದ್ರಲ್ಲಪ್ಪೋ! ಒತ್ತಿ!"

ಸ್ವಲ್ಪ ಹೊತ್ತಿಗೆ ಗಂಟು ಸಡಿಲಿತು. ಕತ್ತು ಮೆಲ್ಲಗೆ ಬಲಕ್ಕೆ ತಿರುಗಿತು! ಬಲಗೋಡೆಯ ಮೇಲಿನ ಗಡಿಯಾರ ಕಂಡದ್ದೇ ತಡ, ಸಾಹೇಬರ ಕಣ್ಣು ತುಂಬಿ ಬಂತು. "ತಾಯೀ, ನನ್ನ ಬಸ್ಸು ಉಳಿಸಿಕೊಟ್ರಿ. ಈ ಉಪಕಾರ ಸಾಯೋವರೆಗೂ ಮರೆಯಲ್ಲ!" ಎಂದು ಕೈಮುಗಿದರು. ಅಷ್ಟರಲ್ಲಿ ತಂಗಿಗೆ ತಾಯಿಯಾಗಿ ಬಡ್ತಿ ಸಿಕ್ಕಿತ್ತು.

ಆಕೆಯ ಕೈಗುಣವನ್ನು ಬೆಂಚಿನ ಮೇಲಿದ್ದವರಿಗೆಲ್ಲ ಸಾರಲೇಬೇಕೆಂದು ಪರದೆ ಸರಿಸಿ ಹೊರಗೆ ಬಂದರು. ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು. ಹೆಂಡತಿ ಒಬ್ಬಳೇ ಕೂತಿದ್ದಳು.

"ಎಲ್ಲೇ ಹೋದ್ರು ಎಲ್ರೂ?"

"ನಿಮ್ಮ ಕೂಗು ಕೇಳ್ತಿದ್ದ ಹಾಗೇ ಎಲ್ರ ನೋವೂ ವಾಸಿಯಾಗಿಹೋಯ್ತಂತೆ! ನಿಮ್ಮಿಂದ ತುಂಬಾ ಉಪಕಾರ ಆಯ್ತು ಅಂತ ತಿಳಿಸೋಕೆ ಹೇಳಿ ಓಡಿದ್ರು!"