ಬೆಳಕಿಂಡಿಯ ಕೆಳಗಿನ ಟವರ್

ನಮ್ಮ ಮನೆಯವರು ದಿನಾ ಸಂಜೆ ವಿಮಾನದಿಂದ ಬಿದ್ದು, ಕೈಕಾಲು ತೊಳೆದು, ಊಟಕ್ಕೆ ಬರುತ್ತಿದ್ದರು ಎಂದರೆ ನೀವು ನಂಬುತ್ತೀರಾ? ನಂಬಬೇಡಿ! ಮದುವೆಯಾಗಿ ಕೊಟ್ಟೂರಿಗೆ ಬಂದ ಹೊಸದರಲ್ಲಿ ನಾನೂ ನಂಬಿರಲಿಲ್ಲ.

ಎಪ್ಪತ್ತೊಂದರ ಯುದ್ಧ ಮುಗಿದು ಎರಡು ವರ್ಷವಾಗಿತ್ತು. ಯುದ್ಧವಿಮಾನ ಹಾರಿಸುತ್ತೇನೆಂದು ಬಳ್ಳಾರಿಯವರೆಗೆ ಹೋಗಿ, ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗಿ, ಸೋಡಾಗ್ಲಾಸಿನ ಕನ್ನಡಕದೊಂದಿಗೆ ವಾಪಸು ಬಂದು, ಮಾವನವರ ಕಿರಾಣಿ ಅಂಗಡಿಯಲ್ಲಿ ಕೂತಿದ್ದ ಮನುಷ್ಯ ಇವರು. ಮದುವೆಯಾದ ತಿಂಗಳೊಳಗೆ, ಪೊಟ್ಟಣ ಕಟ್ಟಲು ತಂದ ರದ್ದಿಯಲ್ಲಿ ಸಿಕ್ಕಿತು ನೋಡಿ, ಹೊಸಬರಿಗೆ ಯುದ್ಧವಿಮಾನ ಕಲಿಸುವ ಇಂಗ್ಲಿಷ್ ಪುಸ್ತಕ! ಏರುವುದು, ತಿರುಗುವುದು, ಶತ್ರುವಿನ ಬೆನ್ನು ಹತ್ತುವುದು, ಎಲ್ಲಕ್ಕೂ ಚಿತ್ರ. ಇಳಿಯುವ ಪಾಠ ಮಾತ್ರ ಇಲ್ಲ. ಆ ಹಾಳೆಗಳು ಪುಟಾಣಿ ಪೊಟ್ಟಣವಾಗಿ ಹೋಗಿಬಿಟ್ಟವೆಂದು ಇವರು ಎಲ್ಲರ ಮುಂದೆ ಮರುಗಿದರು.

ಮಣ್ಣಿನ ಮಾಳಿಗೆಯ ಮೇಲೆ, ಒಳಗೆ ಬೆಳಕು ಬೀಳಲೆಂದು ಬಿಟ್ಟ ಬೆಳಕಿಂಡಿಯ ಪಕ್ಕದಲ್ಲೇ ವಿಮಾನ ಸಿದ್ಧವಾಯಿತು. ಕೈಮುರಿದ ಕುರ್ಚಿ, ಹಿಡಿಯಲು ಕೊಡೆಯ ಕೋಲು, ಕಾಲ ಕೆಳಗೆ ಹಳೇ ಹೊಲಿಗೆ ಮಷಿನ್ನಿನ ಪೆಡಲ್ಲು. ಎಂಜಿನ್ನು? ಬಾಯಿ! ಒಣಹಾಕಿದ ಸಂಡಿಗೆ ಕಾಯಲು ಒಬ್ಬ ಸಿಕ್ಕನೆಂದು ಅತ್ತೆಯವರೂ ಒಪ್ಪಿದರು. ಮೊದಲ ದಿನವೇ ಕಾಗೆ ಬಂದು ಆರಿಸಿ ಆರಿಸಿ ತಿಂದು ಹೋಯಿತು.

"ಕಣ್ಣ ಮುಂದ ತಿನ್ನಾಕತ್ತಿತ್ತು, ಓಡಸಬಾರದೇನಲೇ?"

"ಮೊದಲನೇ ತಿಂಗಳು ಗುಂಡು ಹಾರಸಬಾರ್ದಬೇ. ಬರೇ ನೆಟ್ಟಗ ಹಾರೋದು ಕಲೀಬೇಕು. ಬುಕ್ಕಿನ್ಯಾಗ ಬರದೈತಿ!"

ಶತ್ರು ಹಿಂದಿನಿಂದ ಬರುತ್ತಾನೆ, ಆಗಾಗ ತಿರುಗಿ ನೋಡಬೇಕು ಎನ್ನುವುದು ಮುಂದಿನ ಪಾಠ. ನೋಡಿ ನೋಡಿ ಕುತ್ತಿಗೆ ಉಳುಕಿತು. ವಾರವಿಡೀ ಗಿರಾಕಿ ಬೆಲ್ಲ ಕೇಳಿದರೂ ಇಡೀ ಮೈ ತಿರುಗಿಸಿಯೇ ಕೊಟ್ಟರು.

ಇಳಿಯಲು ಬಾರದಲ್ಲ, ದಿನಾ ಕೊನೆಗೆ ಬೆಳಕಿಂಡಿಯಿಂದ ಒಂದು ಕೂಗು: "ಯವ್ವಾ, ಬಿದ್ನಿ!"

"ಬಿದ್ದ್ಯಾ? ಕೈಕಾಲು ತೊಳಕಂಡು ಬಾ, ರೊಟ್ಟಿ ಆರಾಕತ್ಯಾವ," ಎನ್ನುತ್ತಿದ್ದರು ಅತ್ತೆಯವರು.

ನನಗೆ ನಗು ಬರುತ್ತಿತ್ತು, ಅಳುವೂ ಬರುತ್ತಿತ್ತು. ಹಿರಿಯರು ತುಂಬಿದ ಮನೆ, ಗಂಡ ಹೆಂಡತಿ ಎದುರೆದುರು ಮಾತಾಡುವಂತಿಲ್ಲ. ಇಬ್ಬರೇ ಇದ್ದಾಗಲೂ ಇವರಿಗೆ ಸಂಕೋಚ. ಮೂರು ತಿಂಗಳಲ್ಲಿ ನನ್ನೊಡನೆ ಆಡಿದ್ದು ಹತ್ತು ಮಾತು, ಅದರಲ್ಲಿ ಆರು 'ಹ್ಞೂಂ'! ಆಕಾಶದೊಡನೆ ಅಷ್ಟು ಮಾತಾಡುವವರು ನನ್ನೊಡನೆ ನಾಲ್ಕು ಆಡಬಾರದೇ ಎಂದು ಒಳಗೊಳಗೇ ಹಂಬಲಿಸುತ್ತಿದ್ದೆ.

ಒಂದು ಸಂಜೆ ಬೆಳಕಿಂಡಿಯ ಕೆಳಗೆ ಜೋಳ ಹಸನು ಮಾಡುತ್ತಿದ್ದೆ. ಇಳಿಬಿಸಿಲು ಕಿಂಡಿಯಿಂದ ಬಿದ್ದು ಮೊರದ ಧೂಳೆಲ್ಲ ಬಂಗಾರವಾಗಿ ತೇಲುತ್ತಿತ್ತು. ಮೇಲೆ ಎಂಜಿನ್ನು ಜೋಗುಳದ ಹಾಗೆ ಗುಂಯ್‌ಗುಡುತ್ತಿತ್ತು. ಇವರು ಕೂಗಿ ಹೇಳಿದಂತೆ ಉಜ್ಜಿನಿ ದಾಟಿತು, ಅರಸೀಕೆರೆ ದಾಟಿತು. ನಾನೂ ಕೂತಲ್ಲೇ ತೇಲಿದಂತಾಯಿತು. ಇನ್ನೇನು ಇವರು ಬೀಳಬೇಕು, ನನಗೇನಾಯಿತೋ!

"ಬೀಳಬ್ಯಾಡ್ರಿ!" ಎಂದುಬಿಟ್ಟೆ.

ಎಂಜಿನ್ನು ನಿಂತೇಹೋಯಿತು. "ಯಾರದು?"

ಪುಸ್ತಕದ ಚಿತ್ರದಲ್ಲಿ, ಕೆಳಗಿನಿಂದ ವಿಮಾನಕ್ಕೆ ದಾರಿ ಹೇಳುವ ಟವರ್ ಒಂದನ್ನು ಕದ್ದು ನೋಡಿದ್ದೆ. "ಟವರ್ ರೀ. ಮೆಲ್ಲಕ ಇಳೀರಿ. ಬಯಲು ಖಾಲಿ ಐತಿ."

"ಎಷ್ಟು ಮೆಲ್ಲಕ?"

"ಮೊರದಾಗಿನ ಜೋಳ ಅಳ್ಳಾಡಬಾರ್ದು, ಅಷ್ಟು."

ಅಂದು ಇವರು ಬೀಳಲಿಲ್ಲ. "ಯಾಕ, ಇವತ್ತು ಬೀಳಲಿಲ್ಲೇನು?" ಎಂದು ಅತ್ತೆಯವರೇ ಗಾಬರಿಯಾದರು!

ಆಮೇಲೆ ದಿನವೂ ಇಡೀ ಮನೆ ಕೇಳುವಂತೆ ಮಾತು. ವಿಮಾನದ ವಿಷಯ, ಯಾರು ಬೇಡವೆಂದಾರು? "ಟವರ್, ತಲಿನೋವು ಹೆಂಗೈತಿ?" "ಟವರ್, ತವರಮನಿ ನೆನಪಾಗೈತೇನು? ಹಡಗಲಿ ಮ್ಯಾಲ ಒಂದು ಸುತ್ತು ಹಾಕಿ ಬರ್ತೀನಿ." ಸುತ್ತು ಮುಗಿಸಿ ಬಂದು, ನನ್ನವ್ವ ಅಂಗಳದಲ್ಲಿ ಮೆಣಸಿನಕಾಯಿ ಹರವಿದ್ದಾಳೆಂದು ಸುದ್ದಿಯನ್ನೂ ಹೇಳುತ್ತಿದ್ದರು. ಸುಳ್ಳೆಂದು ಗೊತ್ತು. ಆದರೂ ಸಮಾಧಾನವಾಗುತ್ತಿತ್ತು.

ಹತ್ತು ವರ್ಷದ ಮೇಲೆ ಮಾಳಿಗೆ ಸೋರಿ, ಸಿಮೆಂಟು ಹಾಕಿಸುವಾಗ ಇವರ ಟ್ರಂಕು ಸರಿಸಿದೆ. ಅಡಿಯಲ್ಲಿ ಏಳೆಂಟು ಹಾಳೆ, ಒಂದರಲ್ಲೂ ಪೊಟ್ಟಣ ಕಟ್ಟಿದ ಮಡಿಕೆಯಿಲ್ಲ. ವಿಮಾನ ನೆಲಕ್ಕಿಳಿಯುವ ಚಿತ್ರಗಳು! ಇಳಿಯುವ ಪಾಠ ಇವರ ಹತ್ತಿರವೇ ಇತ್ತು. ಬೀಳಬೇಡಿ ಎಂದು ನಾನು ಅನ್ನಲೆಂದು ಅಷ್ಟು ದಿನ ನನ್ನ ತಲೆಯ ಮೇಲೇ ಬೀಳುತ್ತಿದ್ದರು ಪುಣ್ಯಾತ್ಮರು. ಹಾಳೆಗಳನ್ನು ಇದ್ದಲ್ಲೇ ಇಟ್ಟು ಕಣ್ಣೊರೆಸಿಕೊಂಡೆ.

ಮೇಲಿನಿಂದ ಮೇಸ್ತ್ರಿ ಕೇಳಿದ: "ಅಕ್ಕಾರೆ, ಈ ಕಿಂಡಿನೂ ಮುಚ್ಚಿಬಿಡ್ಲೇನ್ರಿ?"

"ಅದೊಂದು ಬಿಡಪ್ಪಾ," ಎಂದೆ. "ಸಂಜಿಕ್ಕ ನಮ್ಮ ಮನಿಯವ್ರು ಇಳೀಬೇಕು."