ಮೊದಲು ಬಂದವರು ಕೆಳಗೆ

ಎಲ್ಲದಕ್ಕೂ ಕಾರಣ ಒಂದು ಹೊಸ ಪೆನ್ನು.

ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ಇಲಿಮರಿಗಳ ಮಿದುಳನ್ನು ಕೂದಲಿಗಿಂತ ತೆಳ್ಳಗೆ ಹೆಚ್ಚಿ ಗಾಜಿನ ಸ್ಲೈಡಿಗೆ ಅಂಟಿಸುವುದು ನಮ್ಮ ಸ್ಲೈಡಣ್ಣನ ಕೆಲಸ. ಹೆತ್ತವರಿಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಹದಿನಾಲ್ಕು ವರ್ಷದಿಂದ ಅದೇ ಸ್ಟೂಲು, ಅದೇ ಟ್ಯೂಬ್‌ಲೈಟು. ಆಮೇಲೆ ಬಂದವರೆಲ್ಲ ಅವನ ಮುಂದೆಯೇ ಹಾದು, ಮೆಟ್ಟಿಲೇರಿ, ಮೇಲಿನ ಮಹಡಿ ಸೇರಿದ್ದರು. ಈಗ ಅಲ್ಲಿ ಕಿಟಕಿ ಪಕ್ಕದ ಮೇಲ್ವಿಚಾರಕರ ಕುರ್ಚಿ ಖಾಲಿಯಾಗಿತ್ತು. ಹೊರಗಿನಿಂದ ಬರುವ ಪರೀಕ್ಷಕರು ಸ್ಲೈಡುಗಳನ್ನು ಮೆಚ್ಚಿಕೊಂಡರೆ ಆ ಕುರ್ಚಿ ನಿಮಗೇ ಎಂದು ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರಮ್ಮ ಮಾತು ಕೊಟ್ಟಿದ್ದರು.

ಹೆಂಡತಿಗೆ ಅಷ್ಟು ಸಾಕಾಯಿತು. ತಂಗಿಗೆ, ಓರಗಿತ್ತಿಗೆ, ಎದುರು ಮನೆಯವರಿಗೆ ಸುದ್ದಿ ಮುಟ್ಟಿಸಿ, ಕುರ್ಚಿಗೆಂದೇ ಒಂದು ನೀಲಿ ದಿಂಬು ಹೊಲಿದಳು. ಪರೀಕ್ಷಕರು ಬರುವ ದಿನ ಬೆಳಿಗ್ಗೆ ಸ್ಲೈಡಣ್ಣ ಅದನ್ನು ಕುರ್ಚಿಯ ಮೇಲಿಟ್ಟು, ಒಂದು ಸಲ ಕೂತು, ಕಿಟಕಿಯಾಚೆ ನೋಡಿ, ತೃಪ್ತಿಯಿಂದ ಕೆಳಗಿಳಿದು ಬಂದ.

ಸ್ಲೈಡಿನ ಅಂಚಿನಲ್ಲಿ ಅದರ ಹೆಸರನ್ನು ಪೆನ್ಸಿಲ್ಲಿನಲ್ಲೇ ಬರೆಯಬೇಕು, ಅದು ಅಲ್ಲಿನ ಪದ್ಧತಿ. ದೊಡ್ಡವರು ನೋಡುವ ಸ್ಲೈಡಿಗೆ ಮಾಸಲು ಪೆನ್ಸಿಲ್ಲೇ? ಅನ್ನಿಸಿ ಸ್ಲೈಡಣ್ಣ ಹೊಸ ಪೆನ್ನು ತಂದು ಅದರಲ್ಲೇ ಬರೆದಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅನ್ನುವುದು ಇದಕ್ಕೇ. ಮೂರು ತಿಂಗಳ ಹಿಂದಷ್ಟೇ ಸೇರಿದ್ದ ಹೊಸಬಳು ಮೆಲ್ಲಗೆ, "ಅಣ್ಣಾ, ಶಾಯಿ ಸ್ಪಿರಿಟ್ಟಿಗೆ ನಿಲ್ಲಲ್ವೇನೋ," ಅಂದಳು.

"ನಂಗೇ ಪಾಠ ಹೇಳ್ತೀಯೇನಮ್ಮಾ?" ಎಂದು ನಕ್ಕು, ನಲವತ್ತು ಸ್ಲೈಡನ್ನೂ ತೊಳೆಯಲೆಂದು ಸ್ಪಿರಿಟ್ಟಿನಲ್ಲಿ ಅದ್ದಿ ಸ್ಲೈಡಣ್ಣ ತಲೆ ಬಾಚಿಕೊಳ್ಳಲು ಹೋದ.

ಬಂದು ನೋಡಿದರೆ ಸ್ಪಿರಿಟ್ಟು ನೀಲಿಯಾಗಿತ್ತು, ಸ್ಲೈಡುಗಳು ಬೋಳಾಗಿದ್ದವು. ಇಪ್ಪತ್ತರಲ್ಲಿ ಇದ್ದದ್ದು ಇಲಿಮರಿ ತಾಯಿಯ ಹೊಟ್ಟೆಯಲ್ಲಿದ್ದಾಗ ಹನ್ನೆರಡನೇ ದಿನ ಹುಟ್ಟಿದ ನರಕೋಶಕ್ಕೆ ಹಸಿರು ಬಣ್ಣ ಹಾಕಿದ ಮಿದುಳು. ಉಳಿದ ಇಪ್ಪತ್ತರಲ್ಲಿ ಹದಿನಾರನೇ ದಿನ ಹುಟ್ಟಿದ್ದಕ್ಕೆ. ಯಾವುದು ಯಾವುದೆಂದು ಈಗ ಯಾರು ಹೇಳಬೇಕು? ಆದರೂ ಸ್ಲೈಡಣ್ಣ ಎದೆಗುಂದಲಿಲ್ಲ. ಜೋಡಿಸಿಟ್ಟ ಸಾಲು ಹಾಗೇ ಇತ್ತಲ್ಲ, ಮೊದಲ ಇಪ್ಪತ್ತು ಹನ್ನೆರಡನೇ ದಿನದ್ದು. ಬರೆಯಲು ಪೆನ್ಸಿಲ್ ಹುಡುಕಿಕೊಂಡು ಪಕ್ಕದ ಕೋಣೆಗೆ ಹೋದ.

ಅಷ್ಟರಲ್ಲಿ ಬಂದರು ಪ್ರಯೋಗಾಲಯದ ಸ್ಟೋರು ನೋಡಿಕೊಳ್ಳುವ ಯಜಮಾನರು. ಕರೆಯದೇ ಬರುವುದು, ಕೇಳದೇ ಸಹಾಯ ಮಾಡುವುದು ಅವರ ಹುಟ್ಟುಗುಣ. ಪಾಪ, ಸ್ಲೈಡುಗಳು ಒದ್ದೆಯಾಗಿವೆ ಎಂದು ಒಂದೊಂದನ್ನೇ ಎತ್ತಿ ಒಣಗಿಸಿ, ಇಸ್ಪೀಟು ಕಲಸಿದ ಹಾಗೆ ಒಂದೇ ರಾಶಿ ಮಾಡಿಟ್ಟಿದ್ದರು. ತಪ್ಪು ತಿಳಿದ ಮೇಲೆ ಸಮಾಧಾನವನ್ನೂ ಅವರೇ ಹೇಳಿದರು. ಕಣ್ಮುಚ್ಚಿ ಹೆಸರು ಬರೆದುಬಿಡಿ, ಅರ್ಧವಾದರೂ ಸರಿಯಾಗೇ ಆಗುತ್ತದಲ್ಲ ಎಂದರು. ಆಮೇಲೆ ಮೇಲೆ ಹೋಗಿ ಎಲ್ಲರ ಕಿವಿಗೂ ಸುದ್ದಿ ಹಾಕಿದರು.

ಸುದ್ದಿಯ ಬೆನ್ನಿಗೇ ಡಾಕ್ಟರಮ್ಮ ಮತ್ತು ಪರೀಕ್ಷಕರು ಇಳಿದು ಬಂದರು. ಡಾಕ್ಟರಮ್ಮನ ಮುಖ ಕಪ್ಪಿಟ್ಟಿತ್ತು.

"ಇದೇನ್ರೀ, ಒಂದಕ್ಕೂ ಹೆಸರಿಲ್ಲ?" ಎಂದರು ಪರೀಕ್ಷಕರು.

"ಹೆಸರು ಓದಿ ಯಾರು ಬೇಕಾದ್ರೂ ಹೇಳ್ತಾರೆ ಸಾರ್," ಎಂದ ಸ್ಲೈಡಣ್ಣ, ಸ್ಟೂಲು ಎಳೆದು ಮೈಕ್ರೋಸ್ಕೋಪಿನ ಮುಂದೆ ಕೂತ. "ಮೊದಲು ಹುಟ್ಟಿದ ಕೋಶ ಕೆಳಗಿನ ಪದರದಲ್ಲೇ ಕೂತುಬಿಡುತ್ತೆ. ಆಮೇಲೆ ಹುಟ್ಟಿದ್ದು ಅದನ್ನ ದಾಟಿ ಮೇಲಕ್ಕೆ ಹೋಗುತ್ತೆ. ಹಸಿರು ಎಲ್ಲಿದೆ ಅಂತ ನೋಡಿದ್ರೆ ಸಾಕು."

ಒಂದೊಂದೇ ಸ್ಲೈಡು ಇಟ್ಟು, ಹನ್ನೆರಡು, ಹದಿನಾರು, ಹದಿನಾರು ಎನ್ನುತ್ತ ಎರಡು ಕಡೆ ವಿಂಗಡಿಸುತ್ತ ಹೋದ. ಪರೀಕ್ಷಕರು ಪ್ರತಿಯೊಂದನ್ನೂ ಬಗ್ಗಿ ನೋಡಿ ತಲೆದೂಗಿದರು. ಮುಗಿದಾಗ ಈ ಕಡೆ ಇಪ್ಪತ್ತು, ಆ ಕಡೆ ಇಪ್ಪತ್ತು. ಡಾಕ್ಟರಮ್ಮನ ಮುಖ ಅರಳಿತು. ಫೈಲಿನಿಂದ ಬಡ್ತಿಯ ಆದೇಶ ತೆಗೆದು ಮೇಜಿನ ಮೇಲೆ ಹರಡಿ, ಸಹಿಗೆ ಪೆನ್ನು ಬಿಚ್ಚಿದರು.

ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಕುರ್ಚಿ ಅವನದೇ ಆಗಿರುತ್ತಿತ್ತು. ಆದರೆ ಹೊಗಳಿಕೆ ನೆತ್ತಿಗೇರಿತ್ತು.

"ಇನ್ನೊಂದು ವಿಷಯ ಇದೆ ಸಾರ್," ಎಂದ. "ಎಳೇ ಕೋಶವನ್ನ ಕಿತ್ತು ಬೇರೆ ಮಿದುಳಲ್ಲಿಟ್ರೆ, ಅಲ್ಲಿನ ನೆರೆಹೊರೆ ನೋಡಿ ಅವರ ಥರಾನೇ ಆಗಿಬಿಡುತ್ತೆ. ಬಲಿತದ್ದು ಹಾಗಲ್ಲ. ಎಲ್ಲಿಟ್ರೂ ಹಳೇ ಬುದ್ಧಿ ಬಿಡಲ್ಲ."

ಪರೀಕ್ಷಕರು ಅವನನ್ನು ನೋಡಿದರು. ಆಮೇಲೆ ಬಾಗಿಲ ಬಳಿ ನಿಂತಿದ್ದ ಹೊಸಬಳನ್ನು ನೋಡಿದರು.

"ಡಾಕ್ಟ್ರೇ, ಇವರು ಹದಿನಾಲ್ಕು ವರ್ಷ ಇಲ್ಲೇ ಬಲಿತವರು. ಹೆಸರಿಲ್ಲದೆ ಕೋಶ ಗುರುತು ಹಿಡಿಯೋರನ್ನ ಮೇಲೆ ಕೂರಿಸಿ ಕಾಗದ ನೋಡಿಸ್ತೀರಾ? ಈ ಎಳೇ ಹುಡುಗೀನ ಕಳಿಸಿ, ಅಲ್ಲಿನವರನ್ನ ನೋಡಿ ಕಲೀತಾಳೆ."

"ನಿಜ," ಎಂದರು ಡಾಕ್ಟರಮ್ಮ. "ನಿಯಮ ಇವರೇ ಹೇಳಿದ್ರಲ್ಲ." ಆದೇಶದಲ್ಲಿ ಅವನ ಹೆಸರು ಹೊಡೆದು ಬೇರೆ ಹೆಸರು ಬರೆದರು, ಶಾಯಿಯಲ್ಲೇ.

ಹೊಸಬಳು ತನ್ನ ಪೆನ್ಸಿಲನ್ನು ಸ್ಲೈಡಣ್ಣನ ಮೇಜಿನ ಮೇಲಿಟ್ಟು, ಅವನನ್ನು ದಾಟಿ ಮೆಟ್ಟಿಲೇರಿದಳು. ಅರ್ಧ ಗಂಟೆಯಲ್ಲಿ ಕೃತಜ್ಞತೆ ಹೇಳಲು ಮತ್ತೆ ಇಳಿದು ಬಂದಳು.

"ಅಣ್ಣಾ, ಕುರ್ಚಿ ಮೇಲೆ ಯಾರೋ ಪುಣ್ಯಾತ್ಮರು ದಿಂಬು ಇಟ್ಟಿದ್ದಾರೆ. ಎಷ್ಟು ಹಿತವಾಗಿದೆ ಗೊತ್ತಾ?"

ಸ್ಲೈಡಣ್ಣ ನಕ್ಕು, ಅವಳಿಟ್ಟಿದ್ದ ಪೆನ್ಸಿಲ್ ಎತ್ತಿಕೊಂಡ. ಅವಳು ಹೋದ ಮೇಲೆ ಫೋನು ಹೊಡೆದುಕೊಂಡಿತು. ಹೆಂಡತಿ.

"ಏನ್ರೀ, ದಿಂಬು ಹಿತವಾಗಿದೆಯಾ?"

ಸ್ಲೈಡಣ್ಣ ಮುಂದಿನ ಸ್ಲೈಡು ಎತ್ತಿಕೊಂಡು, ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆಯುತ್ತ ಹೇಳಿದ:

"ತುಂಬಾ ಹಿತವಾಗಿದೆಯಂತೆ ಕಣೇ."